ಹೊಸ ಮಾನಿಟರ್, ಮಸುಕು ಅಕ್ಷರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಹೊಸದಾಗಿ ತಂದ ಚಪ್ಪಟೆ ಪರದೆಯ ಮಾನಿಟರಿನಲ್ಲಿ ಚಿತ್ರ ಸರಿಯಿಲ್ಲ, ಪ್ಯಾನೆಲ್ಲೇ (ಚಿತ್ರ ಮೂಡುವ ಫಲಕವೇ) ಕೆಟ್ಟಿದೆಯೋ ಏನೋ ಎಂಬ ಆತಂಕ ಎಲ್ಲರದು. ನಿಜಕ್ಕೂ ಪ್ಯಾನೆಲ್ ಕೆಟ್ಟಿರುವುದು ಕಡಿಮೆ. ಕಂಪ್ಯೂಟರಿನ ಸೆಟ್ಟಿಂಗ್, ನಡುವಿನ ಕೇಬಲ್, ಮಾನಿಟರಿನ ಸ್ವಂತ ಮೆನು ಈ ಮೂರರಲ್ಲಿ ಎಲ್ಲೋ ಒಂದು ಕಡೆ ಕೊರತೆ ಇರುತ್ತದೆ.

ಯಾವ ಕಡೆ ಎಂದು ತಿಳಿಯಲು ಎರಡು ಸುಲಭದ ಪರೀಕ್ಷೆಗಳಿವೆ. ಮಾನಿಟರಿನ ಬಟನ್ ಒತ್ತಿ ಅದರ ಮೆನು ತೆರೆಯಿರಿ. ಮೆನುವಿನ ಅಕ್ಷರ ಚೊಕ್ಕವಾಗಿದ್ದು ಡೆಸ್ಕ್‌ಟಾಪಿನ ಅಕ್ಷರ ಮಾತ್ರ ಮಸುಕಾಗಿದ್ದರೆ ಪ್ಯಾನೆಲ್ ಸರಿಯಿದೆ. ಎರಡನೆಯದಾಗಿ, ಪ್ರಿಂಟ್‌ಸ್ಕ್ರೀನ್ ಕೀಲಿ ಒತ್ತಿ ತೆಗೆದ ಚಿತ್ರವನ್ನು ಮೊಬೈಲಿಗೆ ಕಳುಹಿಸಿ ನೋಡಿ. ಅಲ್ಲಿಯೂ ದೋಷ ಕಂಡರೆ ಅದು ಕಂಪ್ಯೂಟರಿನೊಳಗಿನದು. ಮೊಬೈಲಿನಲ್ಲಿ ಚಿತ್ರ ಸರಿಯಿದ್ದರೆ ಅಲ್ಲಿಂದಾಚೆಗೆ, ಅಂದರೆ ಹೊರಹೋಗುವ ಸಿಗ್ನಲ್, ಕೇಬಲ್ ಅಥವಾ ಮಾನಿಟರಿನಲ್ಲಿ ಹುಡುಕಬೇಕು. ಮಾರಾಟಗಾರರು ಕೊಟ್ಟ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಇಷ್ಟನ್ನು ಮಾಡಿ. ಪೆಟ್ಟಿಗೆಯನ್ನೂ ಥರ್ಮಕೋಲನ್ನೂ ಅಲ್ಲಿಯವರೆಗೆ ಎಸೆಯಬೇಡಿ.

ಬದಿಯಡ್ಕದಿಂದ: ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ) ಕೆಲಸ ಮಾಡುತ್ತೇನೆ. ಹಳೆಯ 18.5 ಇಂಚಿನ ಮಾನಿಟರ್ ತೆಗೆದು 21.5 ಇಂಚಿನ ಫುಲ್ ಎಚ್‌ಡಿ ತಂದೆ. ಅಕ್ಷರ ತೀರಾ ಚಿಕ್ಕದಾಗಿ ಕಂಡದ್ದರಿಂದ ರೆಸಲ್ಯೂಷನ್ ಇಳಿಸಿದೆ. ಈಗ ಇಂಗ್ಲಿಷ್ ಹೇಗೋ ಓದಬಹುದು, ಕನ್ನಡದ ಒತ್ತಕ್ಷರಗಳೆಲ್ಲ ಕಲಸಿಹೋಗಿವೆ. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ನಲ್ಲಂತೂ ಪ್ರೂಫ್ ನೋಡಲು ಆಗುತ್ತಿಲ್ಲ. ಮಾನಿಟರ್ ಬದಲಿಸಬೇಕೇ?

ಬದಲಿಸಬೇಡಿ. ರೆಸಲ್ಯೂಷನ್, ಅಂದರೆ ಕಂಪ್ಯೂಟರ್ ಕಳುಹಿಸುವ ಚಿತ್ರದ ಚುಕ್ಕೆಗಳ ಸಂಖ್ಯೆ, ಇಳಿಸಿದ್ದೇ ತೊಂದರೆಗೆ ಮೂಲ.

ಚಪ್ಪಟೆ ಪರದೆಯಲ್ಲಿ ಪಿಕ್ಸೆಲ್‌ಗಳ (ಚಿತ್ರ ಮೂಡಿಸುವ ಸಣ್ಣ ಚುಕ್ಕೆಗಳ) ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ನಿಮ್ಮದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080. ಕಂಪ್ಯೂಟರ್ 1366 × 768ರ ಚಿತ್ರ ಕಳುಹಿಸಿದರೆ ಮಾನಿಟರ್ ಅದನ್ನು ಸುಮಾರು 1.4 ಪಟ್ಟು ಹಿಗ್ಗಿಸಬೇಕು. ಒಂದು ಪಿಕ್ಸೆಲ್ಲನ್ನು ಒಂದೂಕಾಲೂ ಅಲ್ಲದ, ಒಂದೂವರೆಯೂ ಅಲ್ಲದ ಜಾಗಕ್ಕೆ ಹಂಚಲಾಗದೆ ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ನಡುವಿನ ಬೂದುಬಣ್ಣ ತುಂಬುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳಲ್ಲಿ ಈ ಕಷ್ಟ ಇಷ್ಟು ಕಾಣುತ್ತಿರಲಿಲ್ಲ, ಆದ್ದರಿಂದ ರೆಸಲ್ಯೂಷನ್ ಇಳಿಸಿ ಅಕ್ಷರ ದೊಡ್ಡದು ಮಾಡುವ ಅಭ್ಯಾಸ ನಮ್ಮಲ್ಲಿ ಹಾಗೆಯೇ ಉಳಿದಿದೆ.

ಅಕ್ಷರ ಚಿಕ್ಕದಾಗಿ ಕಂಡದ್ದಕ್ಕೂ ಕಾರಣವಿದೆ. ನಿಮ್ಮ ಹಳೆಯ 18.5 ಇಂಚಿನ 1366 × 768 ಪರದೆಯಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 0.30 ಮಿಲಿಮೀಟರ್. ಹೊಸದರಲ್ಲಿ 0.248. ಪರದೆ ದೊಡ್ಡದಾದರೂ ಪಿಕ್ಸೆಲ್ ಚಿಕ್ಕದಾಯಿತು, ಜೊತೆಗೆ ಅಕ್ಷರವೂ ಆರನೆಯ ಒಂದು ಭಾಗದಷ್ಟು ಕುಗ್ಗಿತು. ಕನ್ನಡಕ್ಕೆ ಇದರ ಪೆಟ್ಟು ಹೆಚ್ಚು. 9 ಪಾಯಿಂಟಿನ ಅಕ್ಷರಕ್ಕೆ ಶೇಕಡಾ 100ರ ಸ್ಕೇಲಿನಲ್ಲಿ ಸಿಗುವುದು 12 ಪಿಕ್ಸೆಲ್ ಎತ್ತರ. ಇಂಗ್ಲಿಷಿನ ಅಕ್ಷರ ಅದರಲ್ಲಿ ಹಾಯಾಗಿ ಕೂರುತ್ತದೆ. ‘ರಾಷ್ಟ್ರ’ ಎಂದು ಬರೆದಾಗ ಷಕಾರದ ಕೆಳಗೆ ಟಕಾರ, ಪಕ್ಕದಲ್ಲಿ ರಕಾರದ ಒತ್ತು. ಒಂದೊಂದು ಒತ್ತಿಗೆ ನಾಲ್ಕೈದು ಪಿಕ್ಸೆಲ್ ಸಿಕ್ಕರೆ ಹೆಚ್ಚು. ಅದನ್ನೂ ಹಿಗ್ಗಿಸಿ ಬೂದು ಬಳಿದರೆ ಓದುವುದು ಹೇಗೆ? ಪ್ರೂಫ್ ನೋಡುವವರಿಗೆ ಒತ್ತಿನ ‘ತ’ಕ್ಕೂ ‘ನ’ಕ್ಕೂ ವ್ಯತ್ಯಾಸ ಸಿಗದಿದ್ದರೆ ತಪ್ಪು ಹಾಗೆಯೇ ಅಚ್ಚಾಗುತ್ತದೆ.

ಹೀಗೆ ಮಾಡಿ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ತೆರೆಯಿರಿ. ರೆಸಲ್ಯೂಷನ್ನಿನಲ್ಲಿ ‘ರೆಕಮೆಂಡೆಡ್’ ಎಂದು ಗುರುತಿರುವ 1920 × 1080 ಆಯ್ದುಕೊಳ್ಳಿ. ಅದರ ಮೇಲೇ ಇರುವ ‘ಸ್ಕೇಲ್’ ಅನ್ನು ಶೇಕಡಾ 125ಕ್ಕೆ ಏರಿಸಿ. ಆಮೇಲೆ ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಬನ್ನಿ. ಇಲ್ಲದಿದ್ದರೆ ಕೆಲವು ತಂತ್ರಾಂಶಗಳು ಹಳೆಯ ಅಳತೆಯಲ್ಲೇ ಇರುತ್ತವೆ. ಈಗ ಅದೇ 9 ಪಾಯಿಂಟಿಗೆ 15 ಪಿಕ್ಸೆಲ್ ಸಿಗುತ್ತದೆ. ಹಿಗ್ಗಿಸಿದ ಅಕ್ಷರವಲ್ಲ, ದೊಡ್ಡದಾಗಿಯೇ ಬರೆದ ಅಕ್ಷರ.

ಇಷ್ಟಾದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ‘ಕ್ಲಿಯರ್‌ಟೈಪ್’ ಎಂದು ಹುಡುಕಿ ಅದನ್ನು ನಡೆಸಿ. ಬರುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಚೊಕ್ಕವಾಗಿ ಕಾಣುವುದನ್ನು ಆರಿಸುತ್ತ ಹೋಗಬೇಕು. ಭೂತಕನ್ನಡಿ ಹಿಡಿದು ನೋಡಿದರೆ ಒಂದೊಂದು ಪಿಕ್ಸೆಲ್ಲಿನೊಳಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಸಣ್ಣ ಪಟ್ಟಿಗಳು ನಿಂತಿರುತ್ತವೆ. ಕ್ಲಿಯರ್‌ಟೈಪ್ ಆ ಪಟ್ಟಿಗಳನ್ನೇ ಬಿಡಿಬಿಡಿಯಾಗಿ ಬಳಸಿ ಅಕ್ಷರದ ಅಂಚು ತಿದ್ದುತ್ತದೆ. ಕೆಲವು ಪ್ಯಾನೆಲ್‌ಗಳಲ್ಲಿ ಪಟ್ಟಿಗಳ ಕ್ರಮ ನೀಲಿ, ಹಸಿರು, ಕೆಂಪು ಎಂದು ತಿರುಗಿರುತ್ತದೆ. ಹಾಗಿದ್ದಾಗ ಕಪ್ಪಕ್ಷರದ ಎಡಬಲಕ್ಕೆ ಕೆಂಪು, ನೀಲಿ ಅಂಚು ಕಾಣುತ್ತದೆ. ಕ್ಲಿಯರ್‌ಟೈಪಿನ ಮೊದಲ ಮಾದರಿಗಳಲ್ಲೇ ಇದನ್ನು ಸರಿಮಾಡಬಹುದು. ಪುಟ ಪೂರ್ತಿ ಕಾಣಲೆಂದು ಮಾನಿಟರನ್ನು ಉದ್ದಕ್ಕೆ ತಿರುಗಿಸಿ ಇಟ್ಟಿದ್ದರೆ ಪಟ್ಟಿಗಳು ಅಡ್ಡ ಮಲಗಿರುತ್ತವೆ, ಆಗ ಕ್ಲಿಯರ್‌ಟೈಪ್ ತೆಗೆದುಹಾಕುವುದೇ ಮೇಲು.

ಪೇಜ್‌ಮೇಕರ್ ಬೇರೆಯೇ ಕಥೆ. 7.0 ಆವೃತ್ತಿ ಬಂದದ್ದು 2001ರಲ್ಲಿ. ಶೇಕಡಾ 125ರ ಸ್ಕೇಲ್ ಎಂಬುದು ಆ ತಂತ್ರಾಂಶಕ್ಕೆ ತಿಳಿಯದು, ಆದ್ದರಿಂದ ವಿಂಡೋಸ್ ಅದರ ಕಿಟಕಿಯನ್ನು ಚಿತ್ರದಂತೆ ಹಿಗ್ಗಿಸಿ ತೋರಿಸುತ್ತದೆ. ಪೇಜ್‌ಮೇಕರಿನ ಐಕಾನ್ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ‘ಕಂಪ್ಯಾಟಿಬಿಲಿಟಿ’, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ಎಂದು ಹೋಗಿ. ಕೆಳಗಿರುವ ‘ಓವರ್‌ರೈಡ್’ ಚೌಕಕ್ಕೆ ಗುರುತು ಹಾಕಿ ಮೊದಲು ‘ಸಿಸ್ಟಂ ಎನ್‌ಹ್ಯಾನ್ಸ್‌ಡ್’ ಪ್ರಯತ್ನಿಸಿ. ಮೆನು, ಪೆಟ್ಟಿಗೆಗಳು ಸ್ಥಳ ತಪ್ಪಿ ಕಾಣಿಸಿದರೆ ‘ಅಪ್ಲಿಕೇಷನ್’ ಆಯ್ದುಕೊಳ್ಳಿ. ಆಗ ಮೆನು ಚಿಕ್ಕದಾಗುತ್ತದೆ, ಪುಟದ ಅಕ್ಷರ ಮಾತ್ರ ಚೊಕ್ಕ. ಪುಟವನ್ನು ಶೇಕಡಾ 150ಕ್ಕೆ ಹಿಗ್ಗಿಸಿಕೊಂಡು ಪ್ರೂಫ್ ನೋಡಿ. ಡಿಟಿಪಿ ಮಾಡುವವರಿಗೆ ನಮ್ಮ ಶಿಫಾರಸು ಈ ಎರಡನೆಯದೇ.

ಕೊನೆಗೆ ಮಾನಿಟರಿನ ಮೆನುವಿನಲ್ಲಿ ‘ಶಾರ್ಪ್‌ನೆಸ್’ ನೋಡಿ. ಅದು ಹೆಚ್ಚಾದರೆ ಕಪ್ಪಕ್ಷರದ ಸುತ್ತ ಬಿಳಿಯ ಅಂಚು ಏಳುತ್ತದೆ, ಕಡಿಮೆಯಾದರೆ ಮಸುಕು. ಬೂದುಬಣ್ಣದ ಹಿನ್ನೆಲೆಯಲ್ಲಿ ಕಪ್ಪಕ್ಷರ ಇಟ್ಟುಕೊಂಡು ಬಿಳಿ ಅಂಚು ಮಾಯವಾಗುವಲ್ಲಿಗೆ ನಿಲ್ಲಿಸಿ. ಬಹಳಷ್ಟು ಮಾನಿಟರ್‌ಗಳಲ್ಲಿ ಅದು ನಡುವಿನ ಅಂಕೆಯ ಹತ್ತಿರವೇ ಇರುತ್ತದೆ.

ಅಕ್ಕಲಕೋಟೆಯಿಂದ: ಮನೆಯಲ್ಲಿದ್ದ 32 ಇಂಚಿನ ಟಿವಿಯನ್ನೇ ಎಚ್‌ಡಿಎಂಐ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿದ್ದೇವೆ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕತ್ತರಿಸಿಹೋಗಿದೆ, ಕಪ್ಪು ಬಣ್ಣ ಬೂದಿಯಂತೆ ಕಾಣುತ್ತದೆ, ಅಕ್ಷರವೂ ಚೆನ್ನಾಗಿಲ್ಲ.

ಇಲ್ಲಿ ಮೂರು ಬೇರೆ ಬೇರೆ ದೋಷಗಳಿವೆ, ಒಂದೊಂದಾಗಿ ತೆಗೆಯಬೇಕು.

ಅಂಚು ಕತ್ತರಿಸುವುದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಟ್ಯೂಬ್ ಟಿವಿಯ ಕಾಲದಿಂದ ಬಂದ ಪದ್ಧತಿ ಅದು. ಚಿತ್ರವನ್ನು ನಾಲ್ಕೂ ಕಡೆ ತುಸು ಹಿಗ್ಗಿಸಿ ಅಂಚನ್ನು ಹೊರಗೆ ಬಿಡುತ್ತಾರೆ. ಟಿವಿಯ ಚಿತ್ರದ ಅಳತೆಯ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಎಂದು ಕಂಪೆನಿಗೊಂದು ಹೆಸರಿನಲ್ಲಿ ಇದರ ಪರಿಹಾರ ಇರುತ್ತದೆ. ಅದನ್ನೇ ಬಳಸಿ. ಗ್ರಾಫಿಕ್ಸ್ ಡ್ರೈವರಿನಲ್ಲಿ ಚಿತ್ರ ಕುಗ್ಗಿಸುವ ಪಟ್ಟಿ ಇದ್ದರೂ ಬೇಡ. ಒಂದು ಕಡೆ ಕುಗ್ಗಿಸಿ ಇನ್ನೊಂದು ಕಡೆ ಹಿಗ್ಗಿಸಿದರೆ ಅಕ್ಷರ ಎರಡು ಸಲ ಕೆಡುತ್ತದೆ.

ಕಪ್ಪು ಬೂದಿಯಾಗುವುದು ಬಣ್ಣದ ವ್ಯಾಪ್ತಿ ಹೊಂದದ್ದರಿಂದ. ಕಂಪ್ಯೂಟರಿನ ಲೆಕ್ಕದಲ್ಲಿ ಕಪ್ಪು 0, ಬಿಳಿ 255. ಟಿವಿಯ ಪದ್ಧತಿಯಲ್ಲಿ ಕಪ್ಪು 16, ಬಿಳಿ 235. ಕಂಪ್ಯೂಟರ್ 16ನ್ನು ಕಪ್ಪೆಂದು ಕಳುಹಿಸಿ, ಟಿವಿ 0ಯೇ ಕಪ್ಪೆಂದು ತಿಳಿದರೆ ಬೂದಿ. ಇದರ ಉಲ್ಟಾ ಆದರೆ ನೆರಳಿನ ವಿವರವೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ ಕಂಟ್ರೋಲ್ ಪ್ಯಾನೆಲಿನ ‘ಚೇಂಜ್ ರೆಸಲ್ಯೂಷನ್’ ಪುಟದಲ್ಲಿ ‘ಔಟ್‌ಪುಟ್ ಡೈನಮಿಕ್ ರೇಂಜ್’ ಅನ್ನು ‘ಫುಲ್’ ಮಾಡಿ. ಇಂಟೆಲ್ ಗ್ರಾಫಿಕ್ಸಿನಲ್ಲಿ ಅದು ‘ಕ್ವಾಂಟೈಸೇಷನ್ ರೇಂಜ್’, ಎಎಂಡಿಯಲ್ಲಿ ‘ಪಿಕ್ಸೆಲ್ ಫಾರ್ಮ್ಯಾಟ್’. ಟಿವಿಯ ಮೆನುವಿನ ‘ಬ್ಲ್ಯಾಕ್ ಲೆವೆಲ್’ ಕೂಡ ಅದಕ್ಕೆ ಹೊಂದಬೇಕು. ಎಚ್‌ಡಿಎಂಐ ಜೋಡಿಸಿದ ಮಾನಿಟರ್‌ಗಳಲ್ಲೂ ಈ ತೊಂದರೆ ಬರುತ್ತದೆ. ಬಣ್ಣ ತೊಳೆದುಹೋದಂತಿದೆ ಎಂದು ಬರೆದಿರುವ ಉಪ್ಪಳ, ಮುಳ್ಳೇರಿಯದ ಓದುಗರೂ ಮೊದಲು ಇದನ್ನೇ ನೋಡಿ.

ಅಕ್ಷರದ ವಿಷಯಕ್ಕೆ ಟಿವಿಯ ಬೆನ್ನಿನ ಚೀಟಿ ಅಥವಾ ಕೈಪಿಡಿ ನೋಡಿ. ‘ಎಚ್‌ಡಿ ರೆಡಿ’ ಎಂದಿದ್ದರೆ ಅದರೊಳಗಿರುವುದು 1366 × 768 ಪಿಕ್ಸೆಲ್ ಮಾತ್ರ. 1080ರ ಸಿಗ್ನಲ್ ಒಪ್ಪಿಕೊಂಡರೂ ಕುಗ್ಗಿಸಿ ತೋರಿಸುತ್ತದೆ. ಕಂಪ್ಯೂಟರಿನಲ್ಲಿ 1366 × 768 ಅಥವಾ 1360 × 768 ಸಿಕ್ಕರೆ ಅದನ್ನೇ ಇಡಿ. ಕೆಲವು ಟಿವಿಗಳು ಎಚ್‌ಡಿಎಂಐಯಲ್ಲಿ ಆ ಅಳತೆಯನ್ನು ಕೊಡುವುದೇ ಇಲ್ಲ; ಅಂಥದರಲ್ಲಿ ವಿಜಿಎ ಕಿಂಡಿ (ಮೂರು ಸಾಲು ಪಿನ್ನಿನ ಹಳೆಯ ಬಗೆಯದು) ಇದ್ದರೆ ಅದರಿಂದ ಜೋಡಿಸಿದಾಗ 1360 × 768 ಪಿಕ್ಸೆಲ್ಲಿಗೆ ಪಿಕ್ಸೆಲ್ ಕೂಡಿ ಬರುವುದುಂಟು. ನಿಮ್ಮದು ಫುಲ್ ಎಚ್‌ಡಿ ಟಿವಿಯಾಗಿದ್ದರೆ ಪೇಂಟ್ ತಂತ್ರಾಂಶದಲ್ಲಿ ನೀಲಿ ಹಿನ್ನೆಲೆಯ ಮೇಲೆ ಕೆಂಪಕ್ಷರ ಬರೆದು ನೋಡಿ. ಅಂಚು ಹರಡಿಕೊಂಡರೆ ಟಿವಿ ಬಣ್ಣದ ವಿವರವನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಸೇರಿಸಿ ಹಂಚುತ್ತಿದೆ. ಆ ಎಚ್‌ಡಿಎಂಐ ಇನ್‌ಪುಟ್ಟಿಗೆ ಟಿವಿಯ ಮೆನುವಿನಲ್ಲಿ ‘ಪಿಸಿ’ ಎಂಬ ಹೆಸರು ಕೊಟ್ಟರೆ ಹಲವು ಟಿವಿಗಳಲ್ಲಿ ಇದು ತಾನೇ ನಿಲ್ಲುತ್ತದೆ. ಟಿವಿಯ ಶಾರ್ಪ್‌ನೆಸ್ ಅನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿ.

ತಾಳವಾಡಿಯ ಶಾಲೆಯೊಂದರಿಂದ: ಹಳೆಯ ಕಂಪ್ಯೂಟರ್‌ಗಳಿಗೆ ಹೊಸ ಮಾನಿಟರ್ ಹಾಕಿದ್ದೇವೆ, ವಿಜಿಎ ಕೇಬಲ್. ಒಂದರಲ್ಲಿ ಅಕ್ಷರ ಸಣ್ಣಗೆ ನಡುಗುತ್ತದೆ, ಬಲಬದಿಗೆ ನೆರಳಿದೆ. ಇನ್ನೊಂದರಲ್ಲಿ ಬಿಳಿಯೆಲ್ಲ ಹಳದಿ.

ವಿಜಿಎ ಅನಲಾಗ್ ಸಿಗ್ನಲ್. ಯಾವ ಕ್ಷಣದಲ್ಲಿ ಒಂದು ಪಿಕ್ಸೆಲ್ ಮುಗಿದು ಇನ್ನೊಂದು ಆರಂಭವಾಗುತ್ತದೆ ಎಂಬುದನ್ನು ಮಾನಿಟರೇ ಅಂದಾಜು ಮಾಡಬೇಕು. ಅಂದಾಜು ತಪ್ಪಿದರೆ ನಡುಕ. ಮಾನಿಟರಿನ ‘ಆಟೋ’ ಗುಂಡಿ ಇರುವುದು ಇದಕ್ಕೇ. ಆದರೆ ಅದನ್ನು ಕಪ್ಪು ಹಿನ್ನೆಲೆ ಇಟ್ಟು ಒತ್ತಿದರೆ ಅದಕ್ಕೆ ಅಳೆಯಲು ಏನೂ ಸಿಗುವುದಿಲ್ಲ. ಬಿಳಿಯ ಪುಟದ ತುಂಬ ಸಣ್ಣ ಅಕ್ಷರವಿರುವ ಕಡತ ಪೂರ್ತಿ ಪರದೆಗೆ ತೆರೆದು, ಯಂತ್ರ ಅರ್ಧ ಗಂಟೆ ಬಿಸಿಯಾದ ಮೇಲೆ ಒತ್ತಿ. ಆಮೇಲೂ ಉಳಿದರೆ ಕೈಯಲ್ಲಿ ತಿದ್ದಬೇಕು: ಪರದೆಯ ಮೇಲೆ ಅಗಲವಾದ ನಿಂತ ಪಟ್ಟೆಗಳು ಕಂಡರೆ ‘ಕ್ಲಾಕ್’, ಪರದೆ ಪೂರ್ತಿ ಸಮನಾಗಿ ನಡುಗಿದರೆ ‘ಫೇಸ್’. ಕ್ಲಾಕ್ ಮೊದಲು, ಫೇಸ್ ಆಮೇಲೆ. ಈ ಕ್ರಮ ತಪ್ಪಿಸಿದರೆ ಎಷ್ಟು ತಿರುಗಿಸಿದರೂ ಮುಗಿಯುವುದಿಲ್ಲ.

ಬಲಬದಿಯ ನೆರಳು ಮಾತ್ರ ಕೇಬಲಿನದು. ತೆಳ್ಳಗಿನ ಅಗ್ಗದ ಕೇಬಲಿನಲ್ಲಿ ಸಿಗ್ನಲ್ ತುದಿ ಮುಟ್ಟಿ ಸ್ವಲ್ಪ ಹಿಂದಕ್ಕೆ ಮರಳುತ್ತದೆ, ಅದೇ ನೆರಳಾಗಿ ಬೀಳುವುದು. ಎರಡೂ ತುದಿಯಲ್ಲಿ ಉಬ್ಬಿದ ಫೆರೈಟ್ ಉಂಡೆಯಿರುವ, ದಪ್ಪನೆಯ, ಒಂದೂವರೆ ಮೀಟರಿನ ಕೇಬಲ್ ತನ್ನಿ. ಎರಡು ಕೇಬಲ್ ಜೋಡಿಸಿ ಉದ್ದ ಮಾಡಬೇಡಿ.

ಹಳದಿ ಪರದೆಗೆ ಕಾರಣ ನೀಲಿ ಬಣ್ಣ ಬರದಿರುವುದು. ವಿಜಿಎ ಪ್ಲಗ್ಗಿನ ಅಗಲವಾದ ಬದಿಯ ಸಾಲಿನಲ್ಲಿ 1ನೆಯ ಪಿನ್ ಕೆಂಪು, 2 ಹಸಿರು, 3 ನೀಲಿ. ನೀಲಿ ತಪ್ಪಿದರೆ ಬಿಳಿ ಹಳದಿಯಾಗುತ್ತದೆ, ಕೆಂಪು ತಪ್ಪಿದರೆ ಹಸಿರುಮಿಶ್ರ ತಿಳಿನೀಲಿ, ಹಸಿರು ತಪ್ಪಿದರೆ ನೇರಳೆಗೆಂಪು. ಕಂಪ್ಯೂಟರ್, ಮಾನಿಟರ್ ಎರಡನ್ನೂ ಆಫ್ ಮಾಡಿ, ಪ್ಲಗ್ ಕಳಚಿ, ಬೆಳಕಿಗೆ ಹಿಡಿದು ನೋಡಿ. ಆ ಸಾಲಿನ ನಡುವಿನ ಪಿನ್ ಮಲಗಿದ್ದರೆ ಸಣ್ಣ ಚಿಮುಟದಿಂದ ಒಂದೇ ಸಲಕ್ಕೆ ನೆಟ್ಟಗೆ ಮಾಡಿ. ಎರಡು ಮೂರು ಸಲ ಅತ್ತಿತ್ತ ಬಗ್ಗಿಸಿದರೆ ಮುರಿಯುತ್ತದೆ. ನಡುಸಾಲಿನಲ್ಲಿ 9ನೆಯ ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಬಹಳಷ್ಟು ಕೇಬಲ್‌ಗಳಲ್ಲಿ ಅದನ್ನು ಇಡುವುದೇ ಇಲ್ಲ. ಮಕ್ಕಳು ಬಳಸುವ ಕೊಠಡಿ, ಆದ್ದರಿಂದ ಎರಡೂ ಬದಿಯ ತಿರುಪುಗಳನ್ನು ಬಿಗಿ ಮಾಡಿ.

ಇನ್ನೊಂದು ಮಾತು. ಕಚೇರಿಗಳಿಗೆಂದು ಮಾಡಿದ ಹಳೆಯ ಕಂಪ್ಯೂಟರ್‌ಗಳ ಬೆನ್ನಿನಲ್ಲಿ ವಿಜಿಎ ಪಕ್ಕವೇ, ಒಂದು ಮೂಲೆ ಕತ್ತರಿಸಿದಂತಿರುವ ಡಿಸ್‌ಪ್ಲೇಪೋರ್ಟ್ ಎಂಬ ಕಿಂಡಿ ಎಷ್ಟೋ ಸಲ ಇರುತ್ತದೆ, ಯಾರೂ ಗಮನಿಸಿರುವುದಿಲ್ಲ. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ ಹಾಕಿದರೆ ಮೇಲೆ ಹೇಳಿದ ರಗಳೆ ಯಾವುದೂ ಇಲ್ಲ. ಆ ಕೇಬಲ್ ಒಂದೇ ದಿಕ್ಕಿನದು: ಕಂಪ್ಯೂಟರ್ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ. ತಿರುಗಿಸಿ ಹಾಕಿದರೆ ಚಿತ್ರ ಬರುವುದಿಲ್ಲ.

ಮಂಜೇಶ್ವರದಿಂದ: 144 ಹರ್ಟ್ಸ್ ಮಾನಿಟರ್ ತಂದರೂ ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ವಿಂಡೋಸ್ ಅದನ್ನು 60ಕ್ಕೇ ಇಟ್ಟಿರಬೇಕು. ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ಯಲ್ಲಿ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬ ಹರ್ಟ್ಸ್ ಲೆಕ್ಕ) ಬದಲಿಸಿ. ಪಟ್ಟಿಯಲ್ಲಿ 144 ಇಲ್ಲದಿದ್ದರೆ ಕಿಂಡಿಯೋ ಕೇಬಲೋ ಸಾಲದು, ಡಿಸ್‌ಪ್ಲೇಪೋರ್ಟ್ ಬಳಸಿ. 4ಕೆ (ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್‌ಗಳ) ಮಾನಿಟರ್‌ನವರಿಗೂ ಇದೇ ಮಾತು: ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ 30 ಹರ್ಟ್ಸ್ ಮೀರುವುದಿಲ್ಲ, ಮೌಸಿನ ಬಾಣ ಎಡವುತ್ತ ಚಲಿಸುತ್ತದೆ. 60ಕ್ಕೆ ಎರಡೂ ಬದಿಯಲ್ಲಿ ಎಚ್‌ಡಿಎಂಐ 2.0 ಇಲ್ಲವೇ ಡಿಸ್‌ಪ್ಲೇಪೋರ್ಟ್ 1.2 ಬೇಕು. ಚಲಿಸುವ ವಸ್ತುವಿನ ಹಿಂದೆ ಬೆಳ್ಳಗಿನ ಬಾಲ ಕಾಣಿಸಿದರೆ ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ, ಮೆನುವಿನ ‘ಓವರ್‌ಡ್ರೈವ್’ ಅನ್ನು ನಡುವಿನ ಹಂತಕ್ಕೆ ಇಳಿಸಿ. ತೀರಾ ಮೇಲಿನ ಹಂತ ಇರುವುದು, ಪಿಕ್ಸೆಲ್ ಇಷ್ಟೇ ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ ಎಂದು ಜಾಹೀರಾತಿನಲ್ಲಿ ಹೇಳಿಕೊಳ್ಳಲು.

ಕುಂಬಳೆಯಿಂದ: ಯಕ್ಷಗಾನದ ಫೋಟೋ ತೆಗೆದು ಮುದ್ರಿಸಿ ಕೊಡುತ್ತೇನೆ. ಹೊಸ ಮಾನಿಟರಿನಲ್ಲಿ ಬಣ್ಣದ ವೇಷದ ಕೆಂಪು ಉರಿಯುವಂತೆ ಕಾಣುತ್ತದೆ. ಅದನ್ನು ತಗ್ಗಿಸಿ ಮುದ್ರಿಸಿದರೆ ಕಾಗದದ ಮೇಲೆ ಮಂಕು, ಚಿತ್ರವೂ ಕಪ್ಪಾಗಿ ಬರುತ್ತದೆ.

ಎರಡು ಕಾರಣಗಳು ಒಟ್ಟು ಸೇರಿವೆ.

ನಿಮ್ಮದು ಅಗಲ ವರ್ಣವ್ಯಾಪ್ತಿಯ ಮಾನಿಟರ್ ಇರಬೇಕು. ಪೆಟ್ಟಿಗೆಯ ಮೇಲೆ ‘ಡಿಸಿಐ-ಪಿ3’ಯ ಶೇಕಡಾವಾರು ಬರೆದಿದ್ದರೆ ಅದೇ. ಸಾಮಾನ್ಯ ಕ್ಯಾಮೆರಾ, ಮೊಬೈಲ್, ಲ್ಯಾಬುಗಳು ನಡೆಯುವುದು ಎಸ್‌ಆರ್‌ಜಿಬಿ ಎಂಬ ಚಿಕ್ಕ ವ್ಯಾಪ್ತಿಯಲ್ಲಿ. ಫೋಟೋದಲ್ಲಿ ‘ಕೆಂಪು 255’ ಎಂದಿದ್ದರೆ ನಿಮ್ಮ ಪರದೆ ತನ್ನ ಶಕ್ತಿಯ ಪೂರ್ತಿ ಕೆಂಪನ್ನು ತೋರಿಸುತ್ತದೆ, ಅದು ಎಸ್‌ಆರ್‌ಜಿಬಿಯ ಕೆಂಪಿಗಿಂತ ಬಹಳ ಗಾಢ. ಬಣ್ಣದ ವೇಷದಲ್ಲಿ ಮುಖದ ಕೆಂಪು, ಕಿರೀಟದ ಕೆಂಪು, ಉಡುಗೆಯ ಕೆಂಪು ಒಂದರ ಪಕ್ಕ ಒಂದು ಇರುತ್ತವೆ. ಅವೆಲ್ಲ ಒಂದೇ ಉಂಡೆಯಾಗಿ ಕಂಡರೆ ಪರದೆ ಸುಳ್ಳು ಹೇಳುತ್ತಿದೆ. ಮಾನಿಟರಿನ ಮೆನುವಿನಲ್ಲಿ ‘ಎಸ್‌ಆರ್‌ಜಿಬಿ’ ಮೋಡ್ ಇದೆ, ಅದನ್ನು ಆಯ್ದುಕೊಳ್ಳಿ. ‘ವಿವಿಡ್’, ‘ಸಿನಿಮಾ’, ‘ಡೈನಮಿಕ್ ಕಾಂಟ್ರಾಸ್ಟ್’ ಎಲ್ಲ ಆಫ್ ಮಾಡಿಬಿಡಿ. ವಿಂಡೋಸಿನ ‘ನೈಟ್ ಲೈಟ್’ ಸಂಜೆಯಾದೊಡನೆ ತಾನಾಗಿ ಪರದೆಯನ್ನು ಹಳದಿ ಮಾಡುತ್ತಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ರಾತ್ರಿ ಆಟದಿಂದ ಬಂದು ಫೋಟೋ ತಿದ್ದುವವರಿಗೆ ಇದರಿಂದ ದೊಡ್ಡ ಮೋಸವಾಗುತ್ತದೆ.

ಮುದ್ರಣ ಕಪ್ಪಾಗುವುದು ಪರದೆಯ ಬೆಳಕು ಅತಿಯಾಗಿರುವುದರಿಂದ. ಅಂಗಡಿಯ ದೀಪಗಳ ನಡುವೆ ಎದ್ದು ಕಾಣಲೆಂದು ಕಾರ್ಖಾನೆಯಲ್ಲಿ ಬೆಳಕನ್ನು ಚದರ ಮೀಟರಿಗೆ 250-300 ಕ್ಯಾಂಡೆಲಾದವರೆಗೂ (ಕ್ಯಾಂಡೆಲಾ ಬೆಳಕಿನ ಅಳತೆ) ಇಟ್ಟಿರುತ್ತಾರೆ. ಮನೆಯೊಳಗೆ ಫೋಟೋ ಕೆಲಸಕ್ಕೆ ಚದರ ಮೀಟರಿಗೆ 120 ಕ್ಯಾಂಡೆಲಾ ಸಾಕು. ಅಳೆಯುವ ಉಪಕರಣ ಇಲ್ಲದಿದ್ದರೆ ಒಂದು ಬಿಳಿಯ ಎ4 ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ, ಪರದೆಯಲ್ಲಿ ಖಾಲಿ ಬಿಳಿಪುಟ ತೆರೆಯಿರಿ. ಕೋಣೆಯ ಬೆಳಕಿನಲ್ಲಿ ಹಾಳೆ ಎಷ್ಟು ಬೆಳ್ಳಗಿದೆಯೋ ಅಷ್ಟಕ್ಕೆ ಪರದೆಯ ಬ್ರೈಟ್‌ನೆಸ್ ಇಳಿಸಿ. ಸಾಮಾನ್ಯವಾಗಿ ಅದು ಶೇಕಡಾ 20ರಿಂದ 40ರ ನಡುವೆ ನಿಲ್ಲುತ್ತದೆ. ಕೆಲವು ಮಾನಿಟರ್‌ಗಳಲ್ಲಿ ಎಸ್‌ಆರ್‌ಜಿಬಿ ಮೋಡಿಗೆ ಹೋದರೆ ಬ್ರೈಟ್‌ನೆಸ್ ಬದಲಿಸಲು ಬಿಡುವುದಿಲ್ಲ. ಅಂಥದರಲ್ಲಿ ಕೋಣೆಯ ಬೆಳಕನ್ನು ಹೆಚ್ಚಿಸುವುದು ಸುಲಭದ ದಾರಿ. ಕಣ್ಣು ಉರಿಯುತ್ತದೆ ಎಂದು ಬರೆದ ಪೆರ್ಲದ ವಿದ್ಯಾರ್ಥಿಗೂ ಈ ಹಾಳೆಯ ಪರೀಕ್ಷೆಯೇ ಮೊದಲ ಉತ್ತರ.

ಕಾಸರಗೋಡಿನಿಂದ ಎರಡು ಪತ್ರ: ಕಪ್ಪು ಪರದೆಯಲ್ಲಿ ಕೆಳಗಿನ ಮೂಲೆ ಬೆಳಗುತ್ತದೆ. ಇನ್ನೊಬ್ಬರ ಪರದೆಯಲ್ಲಿ ಸದಾ ಕೆಂಪಾಗಿರುವ ಒಂದು ಚುಕ್ಕೆ.

ಮೂಲೆಯ ಬೆಳಕನ್ನು ಮೊಬೈಲ್ ಕ್ಯಾಮೆರಾದಲ್ಲಿ ತೆಗೆದು ಅಳೆಯಬೇಡಿ, ಕ್ಯಾಮೆರಾ ಅದನ್ನು ಹತ್ತಾರು ಪಟ್ಟು ಹಿಗ್ಗಿಸುತ್ತದೆ. ಕೋಣೆ ಕತ್ತಲು ಮಾಡಿ, ದಿನಾ ಕೂರುವ ದೂರದಿಂದ, ದಿನಾ ಬಳಸುವ ಬ್ರೈಟ್‌ನೆಸ್‌ನಲ್ಲಿ ನೋಡಿ. ತಲೆಯನ್ನು ಪಕ್ಕಕ್ಕೆ ಸರಿಸಿದಾಗ ಬೆಳಕೂ ಸರಿದರೆ, ಕಡಿಮೆಯಾದರೆ ಅದು ಐಪಿಎಸ್ ಎಂಬ ಬಗೆಯ ಪ್ಯಾನೆಲ್‌ಗಳ ಸ್ವಭಾವ. ಬದಲಿಸಿ ತಂದದ್ದರಲ್ಲೂ ಇರುತ್ತದೆ. ಸರಿಯದೆ ಒಂದೇ ಜಾಗದಲ್ಲಿ, ಅಂಚಿಗೆ ಅಂಟಿಕೊಂಡು ಹಳದಿಯಾಗಿ ಹೊಳೆದರೆ ಹಿಂಬದಿಯ ಬೆಳಕು ಸೋರುತ್ತಿದೆ. ಇದನ್ನು ಅವಧಿಯೊಳಗೆ ಬದಲಿಸಿಕೊಳ್ಳಿ. ಅಂಚನ್ನು ಒತ್ತಿ, ತಿರುಪು ಸಡಿಲಿಸಿ ಸರಿಮಾಡಲು ಹೋದರೆ ವಾರಂಟಿ ಹೋಗುತ್ತದೆ. ಕತ್ತಲಲ್ಲಿ ಸಿನಿಮಾ ನೋಡುವುದೇ ಮುಖ್ಯವೆನ್ನುವವರಿಗೆ ವಿಎ ಎಂಬ ಇನ್ನೊಂದು ಬಗೆಯ ಪ್ಯಾನೆಲ್ ಹೊಂದುತ್ತದೆ. ಅದರ ಕಾಂಟ್ರಾಸ್ಟ್ (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಎಂಬ ಲೆಕ್ಕ) ಸುಮಾರು 3000:1, ಸಾಮಾನ್ಯ ಐಪಿಎಸ್‌ನದು 1000:1.

ಕೆಂಪು ಚುಕ್ಕೆ ಒಂದು ಉಪಪಿಕ್ಸೆಲ್ (ಪಿಕ್ಸೆಲ್ಲಿನೊಳಗಿನ ಮೂರು ಬಣ್ಣದ ಪಟ್ಟಿಗಳಲ್ಲಿ ಒಂದು) ಆರದೆ ಉಳಿದದ್ದು. ಫುಲ್ ಎಚ್‌ಡಿ ಪರದೆಯಲ್ಲಿ ಪಿಕ್ಸೆಲ್‌ಗಳು 20,73,600, ಒಂದೊಂದರಲ್ಲಿ ಮೂರು ಉಪಪಿಕ್ಸೆಲ್. ಒಟ್ಟು 62 ಲಕ್ಷಕ್ಕೂ ಹೆಚ್ಚು. ಆದ್ದರಿಂದ ತಯಾರಕರು ಒಂದಿಷ್ಟು ದೋಷವನ್ನು ನಿಯಮದಲ್ಲೇ ಒಪ್ಪಿಕೊಂಡಿರುತ್ತಾರೆ. ಐಎಸ್‌ಒ 13406-2 ಎಂಬ ಹಳೆಯ ಮಾನದಂಡದ ಎರಡನೆಯ ವರ್ಗದಲ್ಲಿ ಹತ್ತು ಲಕ್ಷ ಪಿಕ್ಸೆಲ್ಲಿಗೆ ಸದಾ ಬೆಳಗುವ 2, ಸದಾ ಕಪ್ಪಾದ 2, ಉಪಪಿಕ್ಸೆಲ್ ದೋಷ 5 ಎಂದಿತ್ತು. ಈಗ ಐಎಸ್‌ಒ 9241-307 ಅದರ ಜಾಗಕ್ಕೆ ಬಂದಿದೆ. ಅಂದರೆ ಒಂದೇ ಚುಕ್ಕೆಗೆ ವಾರಂಟಿಯಲ್ಲಿ ಮಾನಿಟರ್ ಬದಲಿಸಿಕೊಡದೆ ಇರಬಹುದು. ಆದ್ದರಿಂದ ಅಂಗಡಿಯ ಹಿಂದಿರುಗಿಸುವ ಅವಧಿಯೇ ನಿಮ್ಮ ಬಲ. ತಂದ ದಿನವೇ ಪೂರ್ತಿ ಪರದೆಗೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣ ತುಂಬಿ ಒಂದೊಂದನ್ನೂ ನಿಧಾನವಾಗಿ ನೋಡಿ. ಬಟ್ಟೆಯಿಂದ ಒರೆಸಿದಾಗ ಹೋದರೆ ಅದು ಧೂಳು.

ಮಂಗಳೂರಿನಿಂದ ತಂದ ಮಾನಿಟರಿಗೆ ಕಾಸರಗೋಡಿನಲ್ಲಿ ದೂರು ಕೊಡಬಹುದೇ ಎಂದೂ ಕೇಳಿದ್ದೀರಿ. ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು, ಕೊಂಡ ಊರಿಗೇ ಹೋಗಬೇಕಾಗಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ಲು, ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರು, ಚುಕ್ಕೆಯ ಫೋಟೋ ಜೊತೆಗಿರಲಿ.

ಹೊಸಂಗಡಿಯಿಂದ: ತೋಟದ ಪಂಪು ಚಾಲೂ ಆದಾಗಲೆಲ್ಲ ಪರದೆ ಒಂದೆರಡು ಸೆಕೆಂಡ್ ಕಪ್ಪಾಗುತ್ತದೆ. ಬೇಸಿಗೆಯಲ್ಲಿ ಹೆಚ್ಚು. ಸಿಪಿಯು ಮುಟ್ಟಿದರೆ ಜುಮ್ಮೆನ್ನುತ್ತದೆ.

ಕೊನೆಯ ವಾಕ್ಯವೇ ಮುಖ್ಯ. ಜುಮ್ಮೆನ್ನುತ್ತದೆ ಎಂದರೆ ನಿಮ್ಮ ಪ್ಲಗ್ಗಿಗೆ ಅರ್ತ್ ಸಿಗುತ್ತಿಲ್ಲ. ಸಿಪಿಯುವಿನ ಪವರ್ ಸಪ್ಲೈಯೊಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರಿಸುವ ಸಣ್ಣ ಕರೆಂಟು ನೆಲಕ್ಕೆ ಹೋಗಲು ದಾರಿಯಿಲ್ಲದೆ ಕ್ಯಾಬಿನೆಟ್ಟಿನಲ್ಲೇ ನಿಲ್ಲುತ್ತದೆ. ಪಂಪಿನ ಸ್ಟಾರ್ಟರ್ ಬಡಿದಾಗ ಏಳುವ ಗದ್ದಲವೂ ಹಾಗೆಯೇ ನೆಲಕ್ಕಿಳಿಯದೆ ಎಚ್‌ಡಿಎಂಐ ಕೇಬಲಿನ ಹೊದಿಕೆ ಹಿಡಿದು ಓಡುತ್ತದೆ, ಸಂಪರ್ಕ ಕಡಿದು ಮತ್ತೆ ಕೂಡುವಷ್ಟು ಹೊತ್ತು ಪರದೆ ಕಪ್ಪು. ಬೇಸಿಗೆಯಲ್ಲಿ ಹೆಚ್ಚಾಗುವುದು ಸಹಜ: ನಮ್ಮ ಮುರಕಲ್ಲಿನ ನೆಲ ಒಣಗಿದರೆ ಅರ್ತ್ ಗುಂಡಿ ಕರೆಂಟನ್ನು ಒಪ್ಪುವುದಿಲ್ಲ.

ವಯರ್‌ಮನ್ ಕರೆಸಿ ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಮೀಟರ್ ಹಿಡಿಸಿ. ಎರಡು ಮೂರು ವೋಲ್ಟಿನೊಳಗಿದ್ದರೆ ಸರಿ. ಹತ್ತು ದಾಟಿದರೆ ತಂತಿ ಎಲ್ಲೋ ಕಡಿದಿದೆ ಅಥವಾ ಗುಂಡಿ ಒಣಗಿದೆ. ಫೇಸಿಗೂ ಅರ್ತಿಗೂ ನಡುವೆಯೂ ಅಳೆಯಲಿ. ಅಲ್ಲಿ ಪೂರ್ತಿ ವೋಲ್ಟೇಜ್ ಬರಬೇಕು. ಗುಂಡಿಗೆ ಇದ್ದಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹೊಯ್ಯುತ್ತಿರಬೇಕು. ಅದಾಗುವವರೆಗೆ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಬಳಸಬೇಡಿ, ಯಂತ್ರ ಚಾಲೂ ಇರುವಾಗ ಕೇಬಲ್ ಕಳಚಬೇಡಿ. ಸ್ಟೆಬಿಲೈಸರ್ ಕೊಳ್ಳುವ ಅಗತ್ಯವಿಲ್ಲ. ಮಾನಿಟರಿನ ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದು ಬರೆದಿದ್ದರೆ ವೋಲ್ಟೇಜ್ ಇಳಿದದ್ದು ಅದಕ್ಕೆ ತಾಗುವುದಿಲ್ಲ. ಅರ್ತ್ ಸರಿಯಾದ ಮೇಲೂ ಪರದೆಯಲ್ಲಿ ಬಿಳಿಚುಕ್ಕೆಗಳು ಮಿನುಗಿದರೆ ಕೇಬಲ್ ಬದಲಿಸಿ, ಎರಡು ಮೀಟರಿಗಿಂತ ಉದ್ದ ಬೇಡ.

ಅದೇ ಪತ್ರದ ಕೊನೆಯಲ್ಲಿ: ಮಳೆಗಾಲದಲ್ಲಿ ಒಂದು ಸಣ್ಣ ಹುಳ ಪರದೆಯ ಒಳಗೇ ಓಡಾಡುತ್ತಿದೆ.

ಬೆರಳಿನಿಂದ ಒತ್ತಬೇಡಿ. ಒತ್ತಿದರೆ ಅದು ಪ್ಯಾನೆಲ್ಲಿಗೂ ಹಿಂದಿನ ಬೆಳಕಿನ ಹಾಳೆಗೂ ನಡುವೆ ಅಪ್ಪಚ್ಚಿಯಾಗಿ ಶಾಶ್ವತ ಕಲೆಯಾಗುತ್ತದೆ. ಗಾಳಿಯ ಕಿಂಡಿಯಿಂದ ಬೆಳಕನ್ನು ಹುಡುಕಿಕೊಂಡು ಒಳಹೋದದ್ದು, ಬೆಳಕಿಗೇ ಹೊರಬರುತ್ತದೆ. ರಾತ್ರಿ ಮಾನಿಟರ್ ಆರಿಸಿ, ಕೋಣೆಯ ದೀಪವನ್ನೂ ಆರಿಸಿ, ಮಾನಿಟರಿನ ಅಂಚಿನ ಪಕ್ಕ ಒಂದು ಮೇಜಿನ ದೀಪ ಉರಿಸಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಹೊತ್ತು ಕಿಟಕಿ ಮುಚ್ಚಿ ಕೆಲಸ ಮಾಡಿ. ಮಾನಿಟರನ್ನು ವಾರಗಟ್ಟಲೆ ಆರಿಸಿಡುವ ಬದಲು ದಿನಕ್ಕೆ ಒಂದು ಗಂಟೆಯಾದರೂ ಹಚ್ಚಿ, ಒಳಗಿನ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ಮಾತ್ರ ಬೇಡ, ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ; ಹತ್ತಿಯ ಬಟ್ಟೆ ಸಾಕು. ಒರೆಸಲು ಕನ್ನಡಕದ ಮೈಕ್ರೋಫೈಬರ್ ಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಸ್ವಲ್ಪ ತೇವ ಮಾಡಿಕೊಳ್ಳಿ. ನೀರನ್ನು ನೇರ ಪರದೆಗೆ ಸಿಂಪಡಿಸಿದರೆ ಕೆಳಗಿನ ಅಂಚಿನಿಂದ ಒಳಗಿಳಿದು ಸರ್ಕ್ಯೂಟ್ ಸುಡುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಪರದೆಯ ಮೇಲ್ಲೇಪವನ್ನು ಕಿತ್ತುಹಾಕುತ್ತದೆ, ಅದನ್ನು ಮತ್ತೆ ಬಳಿಯಲು ಬರುವುದಿಲ್ಲ.